ಕಾಗೆಗೊಂದು ಪ್ಲೇಟ್ ಗೋಬಿ

ನಮ್ಮ ಮನೆಯವರು ತೀರಿಕೊಂಡ ಮೂರನೇ ದಿನ ಹಾಲುತುಪ್ಪ ಬಿಡಲು ಹೋಗಿದ್ದ ಗಂಡಸರು ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದರು. ಹೊಳೆ ದಂಡೆಯಲ್ಲಿ ಇಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲವಂತೆ.

"ಮತ್ತೆ ಎಲೆ ಖಾಲಿ ಆಯ್ತು ಅಂದ್ರಿ?" ಅಂತ ಕೇಳಿದರು ನಮ್ಮ ಅತ್ತಿಗೆ. ಅತ್ತಿಗೆ ಅಂದರೆ ನಮ್ಮ ಮನೆಯವರ ಅಕ್ಕ. ಆಯನೂರಿನವರು. ಸುದ್ದಿ ಕೇಳಿ ಬಂದವರು ಇಲ್ಲೇ ಉಳಿದುಕೊಂಡಿದ್ದರು.

"ನಾಯಿ ಬಂದು ತಿಂತು," ಅಂದ ನಮ್ಮ ಅಳಿಯ.

"ನಾಯಿ ಲೆಕ್ಕಕ್ಕಿಲ್ಲ ಮಾರಾಯ. ನನ್ನ ತಮ್ಮನಿಗೆ ಏನೋ ಆಸೆ ಉಳಿದಿದೆ."

ಇಷ್ಟು ಹೇಳಿ ಅತ್ತಿಗೆ ನನ್ನ ಕಡೆ ನೋಡಿದರು. ಅವರು ನೋಡಿದ ಮೇಲೆ ಎಲ್ಲರೂ ನೋಡಿದರು. ಗಂಡನ ಆಸೆ ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅನ್ನ, ಸಾರು, ಒಂದು ಪಲ್ಯ ಬಡಿಸಿದರೆ ತಿಂದು ಏಳುತ್ತಿದ್ದ ಮನುಷ್ಯ. ಚೆನ್ನಾಗಿದೆ ಅಂದವರಲ್ಲ, ಚೆನ್ನಾಗಿಲ್ಲ ಅಂದವರೂ ಅಲ್ಲ. ಇನ್ನು ಮುಂದೆ ಬರುವ ತಿಥಿ ದಿನವಾದರೂ ಕಾಗೆ ಮುಟ್ಟಲೇಬೇಕಿತ್ತು. ಮುಟ್ಟದಿದ್ದರೆ ಇವರು ಹಸಿದುಕೊಂಡೇ ಹೋದರು ಅಂತ ಊರು ಹೇಳುತ್ತದೆ. ಊರು ಹೇಳುವುದು ಹಾಗಿರಲಿ, ನನಗೇ ಹಾಗೆ ಅನ್ನಿಸುತ್ತದೆ.

ಅವರು ಊಟದ ವಿಷಯದಲ್ಲಿ ಹಾಗಿದ್ದದ್ದಕ್ಕೆ ಅವರ ಕಸುಬೇ ಕಾರಣ. ಭದ್ರಾವತಿಯ ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಬೇಕರಿ, ಹೋಟೆಲುಗಳಿಗೆ ಬೇಕಾದ ಬಣ್ಣ, ಎಸೆನ್ಸು, ಪುಡಿಗಳನ್ನು ತಲುಪಿಸುವ ವ್ಯಾಪಾರ ಹಿಡಿದಿದ್ದರು. ಒಂದು ಮೊಪೆಡ್ಡು, ಅದರ ಎರಡೂ ಬದಿಗೆ ಚೀಲ. ಬೆಳಿಗ್ಗೆ ಹೊರಟರೆ ಮಲವಗೊಪ್ಪ ದಾಟಿ ಶಿವಮೊಗ್ಗ, ಅಲ್ಲಿ ಪೇಟೆ ಮುಗಿಸಿ ಗೋಪಾಳದ ಬೇಕರಿಗಳು. ಸಂಜೆ ಅವರಿಗಿಂತ ಮೊದಲು ಅವರ ವಾಸನೆ ಮನೆಗೆ ಬರುತ್ತಿತ್ತು. ಒಂದು ದಿನ ಅನಾನಸ್, ಒಂದು ದಿನ ವೆನಿಲ್ಲಾ. ಒಮ್ಮೆ ಏಲಕ್ಕಿ ಎಸೆನ್ಸಿನ ಬಾಟಲಿ ಚೀಲದಲ್ಲೇ ಒಡೆದು, ನಮ್ಮ ಮನೆಯಲ್ಲಿ ದಿನಾ ಪಾಯಸ ಅಂತ ಬೀದಿಯವರೆಲ್ಲ ನಂಬಿಬಿಟ್ಟರು. ಒಂದು ಲೋಟವೂ ಕೊಡಲಿಲ್ಲ ಅಂತ ಪಕ್ಕದ ಮನೆಯಾಕೆ ನನ್ನ ಹತ್ತಿರ ಮಾತು ಬಿಟ್ಟರು. ಬಾಟಲಿ ಒಡೆದದ್ದು ಅಂತ ಹೇಳಿದರೆ, "ಇರಬಹುದು ಬಿಡಿ" ಅಂದರು. ಇವತ್ತಿಗೂ ನಂಬಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಈ ಪುಡಿಗಳ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೆ ಅವರು ನೆಂಟರ ಮೂಲಕ ಕಲಿಸಿದರು.

"ಪ್ರಿಸರ್ವೇಟಿವ್ ಅಂದ್ರೆ ನಮ್ಮಕ್ಕ ಇದ್ದ ಹಾಗೆ. ಸಾಸ್ ಬಾಟಲಿಯೊಳಗೆ ಕೂತ್ಕೊಂಡು ಯಾವ ಹುಳಕ್ಕೂ ತಲೆ ಎತ್ತೋಕೆ ಬಿಡಲ್ಲ. ಯಾವುದೂ ಕೆಡಲ್ಲ. ಆದ್ರೆ ಅವಳಿದ್ದ ಕಡೆ ಹೊಸದೂ ಏನೂ ಹುಟ್ಟಲ್ಲ."

"ಮತ್ತೆ ಕೇಕಿಗೆ ಹಾಕೋ ಆ ಜೆಲ್ಲು?"

"ಅದು ನೀನು. ಎಣ್ಣೆಗೂ ನೀರಿಗೂ ಆಗಿಬರಲ್ಲ ಅಲ್ವಾ, ನನಗೂ ಅಕ್ಕನಿಗೂ ಆಗದ ಹಾಗೆ? ಮಧ್ಯೆ ಇದು ಬಂದು ಎರಡನ್ನೂ ಒಂದು ಪಾತ್ರೆಯಲ್ಲಿ ಕೂರಿಸುತ್ತೆ."

ಅಜಿನೊಮೊಟೊ ಅಂದರೆ ಸಭೆಯಲ್ಲಿ ಮೊದಲು ಚಪ್ಪಾಳೆ ಹೊಡೆಯುವವನಂತೆ. ಅವನಿಗೆ ಭಾಷಣ ಬರುವುದಿಲ್ಲ, ಆದರೆ ಬೇರೆಯವರ ಭಾಷಣ ಎದ್ದು ನಿಲ್ಲುತ್ತದೆ. ಮಳೆಗಾಲದಲ್ಲಿ ಬ್ರೆಡ್ಡಿಗೆ ಬೂಷ್ಟು ಹಿಡಿಯದ ಹಾಗೆ ಒಂದು ಪುಡಿ, ಉಪ್ಪು ಗಂಟು ಕಟ್ಟದ ಹಾಗೆ ಇನ್ನೊಂದು. ಅವುಗಳಿಗೆ ಹೋಲಿಸಲು ನಮ್ಮಲ್ಲಿ ಅಷ್ಟು ನೆಂಟರಿರಲಿಲ್ಲ.

ಇಷ್ಟೆಲ್ಲ ಮಾರುವ ಮನುಷ್ಯ ಮನೆಗೆ ಒಂದು ಬಣ್ಣದ ಮಿಠಾಯಿ ತರುತ್ತಿರಲಿಲ್ಲ. ಕೇಸರಿಬಾತಿಗೆ ನಾನು ಬಣ್ಣ ಹಾಕುವ ಹಾಗಿರಲಿಲ್ಲ. ನಮ್ಮ ಮನೆಯ ಕೇಸರಿಬಾತು ಉಪ್ಪಿಟ್ಟಿನ ಹಾಗೆ ಕಾಣುತ್ತಿತ್ತು, ಬಂದವರು ಚಟ್ನಿ ಕೇಳುತ್ತಿದ್ದರು.

"ವಿಷ ಅಂತಾದ್ರೆ ಮಾರೋದ್ಯಾಕ್ರೀ?" ಅಂತ ಒಮ್ಮೆ ಕೇಳಿದೆ.

"ವಿಷ ಅಲ್ಲ ಮಾರಾಯ್ತಿ. ಅಳತೆ ತಪ್ಪಿದ್ರೆ ಉಪ್ಪೂ ವಿಷವೇ. ಬಣ್ಣ ಅನ್ನೋದು ಬೆಂಕಿಕಡ್ಡಿ ತುದಿಗೆ ಹತ್ತುವಷ್ಟು ಸಾಕು. ಅದಕ್ಕಿಂತ ಜಾಸ್ತಿ ಹಾಕಿದವನು ಅಡುಗೆಯವನಲ್ಲ, ಪೇಂಟರು."

ಬೆಲೆ ಕಡಿಮೆ ಅಂತ ಬಟ್ಟೆಗೆ ಹಾಕುವ ಬಣ್ಣ ಕೇಳಿದವರ ಜೊತೆ ಜಗಳವಾಡಿ, ಅಂಥ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ.

ಭಾನುವಾರ ಸಂಜೆ ಮಾತ್ರ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಗೋಬಿ ಗಾಡಿಗೆ ಹೋಗುತ್ತಿದ್ದರು. ಇದನ್ನು ಅವರು ಕೆಲಸ ಅನ್ನುತ್ತಿದ್ದರು. ಗಾಡಿಯವರಿಗೆ ಕೆಂಪು ಬಣ್ಣ ಕೊಡುತ್ತಿದ್ದವರು ಇವರೇ. ಒಂದು ಪ್ಲೇಟ್ ಹೇಳಿ, ಅದರಲ್ಲಿ ಒಂದು ತುಂಡು ತಾವು ತೆಗೆದುಕೊಂಡು, ಬೆಳಕಿಗೆ ಹಿಡಿದು, ಮಗಳ ಮಾರ್ಕ್ಸ್ ಕಾರ್ಡ್ ನೋಡುವ ಹಾಗೆ ಹಿಂದೆ ಮುಂದೆ ನೋಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಉಳಿದ ಪ್ಲೇಟೆಲ್ಲ ನನ್ನದು. ನಾನು ತಿಂದು ಮುಗಿಸಿದ ಮೇಲೆ ಪರೀಕ್ಷೆ.

"ನಾಲಿಗೆ ತೋರಿಸು."

"ಜನ ಇದ್ದಾರೆ ರೀ."

"ಜನ ಗೋಬಿ ತಿಂತಿದ್ದಾರೆ, ನಿನ್ನ ಯಾರು ನೋಡ್ತಾರೆ? ತೋರಿಸು."

ಬಸ್ಸು ಕಾಯುವವರ ಎದುರಿಗೆ ನಾನು ನಾಲಿಗೆ ಚಾಚಬೇಕು. ಕೆಂಪಾಗಿದ್ದರೆ ಗಾಡಿಯವರ ಕಡೆ ತಿರುಗಿ, "ಜಾಸ್ತಿಯಾಗಿದೆ ತಮ್ಮಾ, ಕಡ್ಡಿ ಬಿಟ್ಟು ಚಮಚ ಹಿಡಿದಿದ್ದೀಯ," ಅನ್ನುತ್ತಿದ್ದರು. ಕೆಂಪಾಗದಿದ್ದರೆ ತಲೆ ಆಡಿಸುತ್ತಿದ್ದರು. ಗಾಡಿಯವರು ತಮಿಳು ಮಾತಾಡುವವರು, ನಗುತ್ತಾ "ಅಕ್ಕನ ನಾಲಿಗೆ ಸರ್ಕಾರಿ ಲ್ಯಾಬು ಅಣ್ಣಾ" ಅನ್ನುತ್ತಿದ್ದರು.

ಆಮೇಲೆ ಗೋಬಿಗೆ ಬಣ್ಣ ಹಾಕಬಾರದು ಅಂತ ಸರ್ಕಾರದ ಆದೇಶ ಬಂತು. ಇವರು ಮರುದಿನವೇ ಗಾಡಿಯವರ ಹತ್ತಿರ ಉಳಿದಿದ್ದ ಡಬ್ಬಿ ವಾಪಸ್ ತಂದು ಅಟ್ಟದ ಮೇಲೆ ಇಟ್ಟರು. ಭಾನುವಾರ ಎಂದಿನಂತೆ ಹೋದೆವು. ಪ್ಲೇಟಿನಲ್ಲಿ ಬಿಳಿಚಿಕೊಂಡ ಗೋಬಿ ಇತ್ತು. ಇವರು ಒಂದು ತುಂಡು ಬೆಳಕಿಗೆ ಹಿಡಿದು, "ಪಾಪ, ಜ್ವರ ಬಂದಂತಿದೆ," ಅಂದರು. ತಿಂದರು. ನಾಲಿಗೆ ತೋರಿಸು ಅನ್ನಲಿಲ್ಲ. ನನಗೆ ಯಾಕೋ ಪಿಚ್ಚೆನ್ನಿಸಿತು. ಆದರೂ ಭಾನುವಾರ ತಪ್ಪಲಿಲ್ಲ. ಹೃದಯಾಘಾತವಾದದ್ದು ಒಂದು ಬುಧವಾರ, ಮೊಪೆಡ್ ಒರೆಸುತ್ತಿರುವಾಗ.

ಮಾತಾಡಿಸಲು ಬಂದವರಲ್ಲಿ ಕೆಲವರು, "ಆ ಕೆಮಿಕಲ್ಲೇ ಇರಬೇಕು, ದಿನಾ ಮೂಗಿಗೆ ಹೋಗ್ತಿತ್ತಲ್ಲ," ಅಂತ ಪಿಸುಗುಟ್ಟಿದರು. ಹಾಗಂದವರ ಕೈಯಲ್ಲಿ ಅವರೇ ತಂದ ಬಿಸ್ಕತ್ತಿತ್ತು, ಅದರ ಮಧ್ಯೆ ಗುಲಾಬಿ ಬಣ್ಣದ ಕ್ರೀಮಿತ್ತು.

ತಿಥಿಯ ದಿನ ಮಹಡಿ ಮೇಲೆ ಎಡೆ ಇಟ್ಟರು. ಅಡುಗೆ ಮಗಳ ಮೇಲ್ವಿಚಾರಣೆಯಲ್ಲಿ ಆಗಿತ್ತು. "ಅಪ್ಪನಿಗೆ ಇಷ್ಟ ಆಗೋ ಹಾಗೆ, ಬಣ್ಣ ಇಲ್ಲ, ಪ್ಯಾಕೆಟ್ ಮಸಾಲೆ ಇಲ್ಲ, ಸೋಡಾ ಇಲ್ಲ" ಅಂತ ಅಡುಗೆಯವರಿಗೆ ತಾಕೀತು ಮಾಡಿದ್ದಳು. ಮಟನ್ ಸಾರು, ಕಡುಬು, ವಡೆ, ಪಾಯಸ, ಉಪ್ಪಿಟ್ಟಿನಂಥ ಕೇಸರಿಬಾತು. ಕಾಗೆ ಬಂತು. ಎದುರಿನ ಲೈಟ್ ಕಂಬದ ಮೇಲೆ ಕೂತು ಎಡೆ ನೋಡಿತು. ಇಳಿಯಲಿಲ್ಲ.

ಕಾಗೆ ಮುಟ್ಟದಿದ್ದರೆ, ಹೋದವರ ಮನಸ್ಸಿನಲ್ಲಿ ಏನು ಕೊರಗಿದೆಯೋ ಊಹಿಸಿ ಮನೆಯವರು ಮಾತು ಕೊಡುವುದು ನಮ್ಮಲ್ಲಿ ರೂಢಿ. ಅಳಿಯ ಮೊದಲು ಕೈಮುಗಿದ. "ಮಾವ, ಮೊಪೆಡ್ ಗುಜರಿಗೆ ಹಾಕಲ್ಲ. ನಾನೇ ಓಡಿಸ್ತೀನಿ."

ಕಾಗೆ ರೆಕ್ಕೆಯೊಳಗೆ ಕೊಕ್ಕು ಹಾಕಿ ಕೆರೆದುಕೊಂಡಿತು.

"ಅಪ್ಪಾ, ಅಮ್ಮನಿಗೆ ಬಿಪಿ ಮಾತ್ರೆ ತಪ್ಪಿಸಲ್ಲ," ಅಂದಳು ಮಗಳು. ಕಾಗೆ ಅವಳ ಕಡೆ ಒಂದು ಸಲ ನೋಡಿತು, ಅಷ್ಟೆ.

ಅತ್ತಿಗೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ತಮ್ಮಾ, ನಿನ್ನ ಹೆಂಡ್ತಿ ಒಬ್ಬಳೇ ಅಂತ ಯೋಚನೆ ಮಾಡ್ಬೇಡ. ನಾನು ಆಯನೂರಿಗೆ ಹೋಗಲ್ಲ. ಇಲ್ಲೇ, ಅವಳ ಜೊತೆಗೇ ಇದ್ದುಬಿಡ್ತೀನಿ."

ಕಾಗೆ ಹಾರಿ ಆಚೆ ಕಂಬಕ್ಕೆ ಹೋಗಿ ಕೂತಿತು.

ಯಾರೋ ಕೆಮ್ಮಿದರು. ಅಳಿಯ ಆಕಾಶ ನೋಡಿದ. ನನಗೆ ಹನ್ನೊಂದು ದಿನದಲ್ಲಿ ಮೊದಲ ಸಲ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದಾಳೆ ಅಂದುಕೊಂಡು ಪಕ್ಕದ ಮನೆಯಾಕೆ ಬೆನ್ನು ಸವರಿದರು.

ಅಷ್ಟರಲ್ಲಿ ಗೋಬಿ ಗಾಡಿಯವರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಪೊಟ್ಟಣ. "ಅಕ್ಕಾ, ಅಣ್ಣ ಭಾನುವಾರ ತಪ್ಪಿಸಿದವರಲ್ಲ. ಒಂದು ಪ್ಲೇಟ್ ತಂದೆ. ಇಡಬಹುದಾ?"

ಅತ್ತಿಗೆ ಹುಬ್ಬು ಗಂಟಿಕ್ಕಿದರು. ನಾನೇ ಬಿಚ್ಚಿ ಎಲೆಯ ಮೂಲೆಗೆ ಇಟ್ಟೆ. ಕಾಗೆ ಈ ಕಂಬಕ್ಕೆ ವಾಪಸ್ ಬಂತು. ಇನ್ನೂ ಹತ್ತಿರ, ಮಹಡಿಯ ಅಂಚಿನ ಗೋಡೆಗೆ ಬಂತು. ಕತ್ತು ಓರೆ ಮಾಡಿ, ಒಂದೇ ಕಣ್ಣಿನಿಂದ ಆ ಬಿಳಿ ಗೋಬಿಯನ್ನು ಹಿಂದೆ ಮುಂದೆ ನೋಡಿತು. ಮತ್ತೆ ಕಂಬಕ್ಕೆ ಹೋಯಿತು.

ಆ ನೋಟ ನನಗೆ ಗೊತ್ತಿತ್ತು.

ಎಲೆಯ ಮೇಲಿನ ಗೋಬಿ ಪೂರ್ತಿ ತಟ್ಟೆಗೆ ಬಾಚಿಕೊಂಡು ಕೆಳಗೆ ಅಡುಗೆಮನೆಗೆ ಹೋದೆ. ಸ್ಟೂಲು ಹತ್ತಿ ಅಟ್ಟದ ಡಬ್ಬಿ ತೆಗೆದೆ. ಬಾಣಲೆಗೆ ಎಣ್ಣೆ, ಬೆಳ್ಳುಳ್ಳಿ, ಮೆಣಸಿನಪುಡಿ, ಜೋಳದ ಹಿಟ್ಟು ಕದಡಿದ ನೀರು. ಬೆಂಕಿಕಡ್ಡಿ ತುದಿಗೆ ಹತ್ತುವಷ್ಟು ಬಣ್ಣ ತೆಗೆದೆ. ಒಣಗಿದ್ದಾಗ ಅದು ಇಟ್ಟಿಗೆ ಪುಡಿಯ ಹಾಗೆ ಮಂಕಾಗಿತ್ತು. ಇದರಿಂದ ಏನಾಗುತ್ತದೆ ಅನ್ನಿಸಿ ಚಮಚದ ತುದಿಯಲ್ಲಿ ಇನ್ನಷ್ಟು ಹಾಕಿದೆ. ನೀರು ತಾಗಿದ್ದೇ ತಡ, ಬಾಣಲೆಯೊಳಗೆ ಕೆಂಪು ಎದ್ದು ನಿಂತಿತು. ಗಾಬರಿಯಲ್ಲಿ ಮುಚ್ಚಲು ಹೋದ ಡಬ್ಬಿ ಕೈ ತಪ್ಪಿ ಸಿಂಕಿಗೆ ಬಿತ್ತು. ನಲ್ಲಿ ತಿರುಗಿಸಿದೆ, ಅದು ಇನ್ನೊಂದು ತಪ್ಪು.

ಬಾಗಿಲಲ್ಲಿ ಮಗಳು ಕಿರುಚಿದಳು. "ಅಮ್ಮಾ! ಕೈ ಕುಯ್ಕೊಂಡ್ಯಾ?"

"ಇಲ್ಲ ಕಣೇ. ಗೋಬಿ."

ಅವಳ ಹಿಂದೆ ಬಂದ ಅತ್ತಿಗೆ ಮೊದಲು ನೋಡಿದ್ದು ನನ್ನ ಅಂಗೈಗಳನ್ನು. "ಬಳೆ ತೆಗೆದ ದಿನವೇ ಕೈ ಹೀಗೆ ಕೆಂಪು ಮಾಡ್ಕೊಂಡು ಕೂತಿದ್ದೀಯಲ್ಲೇ! ನೋಡಿದವರು ಏನಂತಾರೆ?"

"ನಿಮ್ಮ ತಮ್ಮ ಮಾರಿದ ಬಣ್ಣ ಅಕ್ಕ. ಒಳ್ಳೆ ಮಾಲು. ತೊಳೆದ್ರೆ ಹೋಗಲ್ಲ."

"ಅಮ್ಮ, ಗೋಬಿಗೆ ಬಣ್ಣ ಹಾಕೋ ಹಾಗಿಲ್ಲ. ಅಪ್ಪನೇ ಹೇಳ್ತಿದ್ರಲ್ಲ, ಕಾನೂನಿದೆ," ಅಂದಳು ಮಗಳು.

ಅತ್ತಿಗೆ ಬಾಣಲೆಗೆ ಬಗ್ಗಿ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಕಾಗೆ ಯಾವ ಕೋರ್ಟಿಗೆ ಹೋಗುತ್ತೆ ಬಿಡೇ. ತಟ್ಟೆ ಕೊಡು," ಅಂದರು.

ಮಹಡಿ ಮೇಲೆ ಗಾಡಿಯವರು ತಟ್ಟೆ ನೋಡಿ ಎದೆಗೆ ಕೈ ಇಟ್ಟುಕೊಂಡರು. "ಅಯ್ಯೋ ಅಕ್ಕಾ, ನಾನು ತಂದಿದ್ದು ಅಂತ ಯಾರಿಗೂ ಹೇಳ್ಬೇಡಿ!"

ಎಡೆಯ ಮುಂದೆ ಇಟ್ಟು ಹಿಂದೆ ಸರಿದೆ. ನಾನು ಏನೂ ಮಾತು ಕೊಡಲಿಲ್ಲ. ಕಾಗೆ ನೇರವಾಗಿ ಇಳಿಯಿತು. ಮಟನ್ ದಾಟಿತು, ಕಡುಬು ದಾಟಿತು, ಮಗಳ ಕೇಸರಿಬಾತಿನ ಮೇಲೆ ಕಾಲಿಟ್ಟುಕೊಂಡೇ ಬಂದು ಒಂದು ಕೆಂಪು ತುಂಡು ಕಚ್ಚಿತು. ಒಂದೇ. ಅದನ್ನು ತೆಗೆದುಕೊಂಡು ಹೊಳೆಯ ಕಡೆ ಹಾರಿಹೋಯಿತು.

ಅತ್ತಿಗೆ ಜೋರಾಗಿ ಅತ್ತರು. ಅಳಿಯ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದ. ಮೆಟ್ಟಿಲುಗಳ ಮೇಲೆ ಸದ್ದು ಕೆಳಗಿಳಿಯಿತು. ನಾನು ತಟ್ಟೆ ತೊಡೆ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತೆ. ಒಂದು ತುಂಡು ಅವರದು, ಉಳಿದದ್ದು ನನ್ನದು. ಅದು ಮೊದಲಿಂದ ಇದ್ದ ಲೆಕ್ಕ. ತಿನ್ನತೊಡಗಿದೆ. ಉಪ್ಪು ಕಡಿಮೆಯಿತ್ತು.

ಅತ್ತಿಗೆ ಕೆಳಗೆ ಹೋಗಿರಲಿಲ್ಲ. ಪಕ್ಕದಲ್ಲಿ ಬಂದು ಕೂತು, ಕೇಳದೆಯೇ ಒಂದು ತುಂಡು ತೆಗೆದುಕೊಂಡರು. ಆಮೇಲೆ ಇನ್ನೊಂದು. "ಇದಕ್ಕೇನಾ ಅವನು ಭಾನುವಾರ ಆಯನೂರಿಗೆ ಬಾರೋ ಅಂದ್ರೆ ಕೆಲಸ ಇದೆ ಅಂತಿದ್ದದ್ದು?"

"ಹೂಂ."

"ಕಳ್ಳ," ಅಂದರು, ಮೂರನೆಯದಕ್ಕೆ ಕೈ ಹಾಕುತ್ತಾ.

ತಟ್ಟೆ ಖಾಲಿಯಾದ ಮೇಲೆ ನಾನು ಕೈ ತೊಳೆಯಲು ಇಳಿದೆ. ಬಚ್ಚಲ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿದೆ. ದಾಸವಾಳದ ಹಾಗಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತೆ. ಯಾರೂ ಏನೂ ಅನ್ನಲಿಲ್ಲ. ಕೊನೆಗೆ ನಾನೇ ಅಂದೆ, "ಜಾಸ್ತಿಯಾಗಿದೆ."

"ಯಾರ ಹತ್ರ ಮಾತಾಡ್ತಿದ್ದೀಯ?" ಅಂತ ಹಿಂದಿನಿಂದ ಅತ್ತಿಗೆ ಕೇಳಿದರು. ಹೇಳಿದೆ. ಬಸ್ ಸ್ಟ್ಯಾಂಡಿನದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ನನ್ನ ಭುಜದ ಪಕ್ಕದಿಂದ ಕನ್ನಡಿಗೆ ಬಗ್ಗಿ, ಬಾಯಿ ಅಗಲಿಸಿ ತಮ್ಮ ನಾಲಿಗೆಯನ್ನೂ ಚಾಚಿದರು.

"ನಂದು?"

"ನಿಮ್ಮದೂ."

"ನೀರು ಕುಡಿದ್ರೆ ಹೋಗುತ್ತಾ?"

"ಇಲ್ಲ ಅಕ್ಕ. ನಾಳೆವರೆಗೂ ಇರುತ್ತೆ."

ಅವರು ಇನ್ನೊಂದು ಸಲ ನೋಡಿಕೊಂಡು ಬಾಯಿ ಮುಚ್ಚಿದರು. "ಇರಲಿ ಬಿಡು," ಅಂದರು.