ಭಾವನ ಅಂಗಿಗೆ ಬಿದ್ದ ಬಿಸಿಲು

ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವಳಿಗೆ ಬಿಸಿಲು ಸಾಲದಾಗಿದೆ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಸಿಟ್ಟೇ ಬಂತು. ಹುಟ್ಟಿದಾಗಿನಿಂದ ನಾನು ಬೈದದ್ದೇ ಆ ಬಿಸಿಲನ್ನು. ಆದರೆ ರಕ್ತಪರೀಕ್ಷೆಯ ಚೀಟಿ ಅವರ ಕೈಯಲ್ಲಿತ್ತು. ವಿಟಮಿನ್ ಡಿ ತೀರಾ ಕಡಿಮೆ, ಅದರಿಂದ ಮೂಳೆ ಮೆತ್ತಗಾಗಿವೆ ಎಂದರು. ನಾನು ಜೀನ್ಸ್ ಪ್ಯಾಂಟ್ ಹೊಲಿಯುವವಳು. ಬೆಳಿಗ್ಗೆ ತಗಡಿನ ಶೆಡ್ಡು ಹೊಕ್ಕರೆ ಹೊರಬರುವುದು ದೀಪ ಹಚ್ಚುವ ಹೊತ್ತಿಗೆ. ತೊಡೆ, ಸೊಂಟ ನೋಯುತ್ತಿದ್ದರೆ ಮಷೀನಿನ ಪೆಡಲಿಗೆ ಶಾಪ ಹಾಕುತ್ತಿದ್ದೆ. ನೆಲದಲ್ಲಿ ಕೂತರೆ ಏಳಲು ಗೋಡೆ ಬೇಕು, ಇಲ್ಲವೇ ಗಂಡ ಬೇಕು. ಗಂಡನಿಗಿಂತ ಗೋಡೆ ವಾಸಿ, ಅದು ನಗುವುದಿಲ್ಲ.

ಅದೇ ವಾರ ಸಿರುಗುಪ್ಪದ ಹತ್ತಿರದ ದೇಶನೂರಿನಿಂದ ಅಕ್ಕನ ಫೋನು. ಅವಳ ಮಗಳು ಮೂರು ತಿಂಗಳ ಬಸುರಿ.

"ಏಳು ತಿಂಗಳಿಗೆ ಕುಬಸ ಮಾಡ್ತೀವಿ. ಉಡಿ ನೀನ ತುಂಬಬೇಕಂತ, ಆಕಿ ಹಟ ಹಿಡದಾಳ."

ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಎದುರಿಗೆ ನೆಲದಲ್ಲಿ ಕೂತು ಉಡಿ ತುಂಬಿ, ಎದ್ದು ಆರತಿ ಎತ್ತಬೇಕು. ಕೂರುವುದೇನೋ ಕೂರುತ್ತೇನೆ. ಏಳುವುದು ಹೇಗೆ? ನಾನು ಎತ್ತಿ ಆಡಿಸಿದ ಹುಡುಗಿಯ ಕುಬಸದಲ್ಲಿ ನನ್ನನ್ನೇ ನಾಲ್ಕು ಜನ ಹಿಡಿದೆತ್ತುವುದು ನನಗೆ ಬೇಡವಾಗಿತ್ತು.

ಡಾಕ್ಟರಮ್ಮ ವಾರಕ್ಕೊಮ್ಮೆ ಕುಡಿಯುವ ಔಷಧಿ, ದಿನಾ ನುಂಗುವ ಕ್ಯಾಲ್ಸಿಯಂ ಮಾತ್ರೆ ಬರೆದು, ಬಿಸಿಲಿಗೂ ಕೂರಲು ಹೇಳಿದ್ದರು. ಅದಕ್ಕೆ ಅಕ್ಕನ ಗದ್ದೆಗಿಂತ ಒಳ್ಳೆಯ ಜಾಗವೆಲ್ಲಿ? ಭತ್ತದ ನಾಟಿ ನಡೆದಿತ್ತು. ರಜೆ ಹಾಕಿ ಹೋಗಿ ಹತ್ತು ದಿನ ಬದುವಿನ ಮೇಲೆ ಕೂತೆ. ಮರಳಿ ಬಂದು ಡಾಕ್ಟರಮ್ಮನಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ.

"ಏನ್ ಹಾಕ್ಕೊಂಡು ಕೂತಿದ್ರಿ?" ಎಂದು ಕೇಳಿದರು.

ನಾಟಿ ಹೆಂಗಸರೆಲ್ಲ ಹಾಕುವುದನ್ನೇ ನಾನೂ ಹಾಕಿದ್ದೆ. ಸೀರೆಯ ಮೇಲೆ ಭಾವನ ತುಂಬು ತೋಳಿನ ಅಂಗಿ, ತಲೆ ಕಿವಿ ಮುಚ್ಚುವಂತೆ ಟವಲು.

"ಹಂಗಾದ್ರ ಬಿಸಲು ಬಿದ್ದದ್ದು ನಿಮ್ಮ ಭಾವನ ಅಂಗಿಗೆ," ಎಂದು ಅವರು ನಕ್ಕರು. ಕೈಕಾಲಿನ ಚರ್ಮಕ್ಕೆ ತಾಗಬೇಕಂತೆ.

"ಅಂಗಿ ಏನರ ಗಟ್ಟಿ ಆಗೇತೇನ್ ಕೇಳ್ತೀನ್ರಿ," ಎಂದು ನಾನೂ ನಕ್ಕೆ.

ಆಮೇಲೆ ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂದಿನ ಕಟ್ಟೆಯ ಮೇಲೆ ತೋಳೇರಿಸಿ, ಸೀರೆ ಮೊಣಕಾಲಿಗೆ ಎತ್ತಿ, ಸ್ವಲ್ಪ ಹೊತ್ತು ಕೂರತೊಡಗಿದೆ. "ಹಪ್ಪಳ ಒಣಗಾಕ ಹಾಕ್ಯಾರ ನೋಡ್ರಿ" ಎಂದು ಆಡಿಕೊಂಡ ಹೆಂಗಸರೇ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಮಂಡಕ್ಕಿ ಬಂತು, ಮಿರ್ಚಿ ಬಂತು, ಊರ ಸುದ್ದಿಯೆಲ್ಲ ಬಂತು. ಎಷ್ಟೋ ವರ್ಷಗಳ ಮೇಲೆ ಅಷ್ಟು ನಕ್ಕಿದ್ದೆ. ಮೂರನೆಯ ತಿಂಗಳಿಗೆ ನೋವು ಸಡಿಲಾಯಿತು. ಒಂದು ಬೆಳಿಗ್ಗೆ ಉಳ್ಳಾಗಡ್ಡಿ ಹೆಚ್ಚಿ ಎದ್ದವಳು ಗೋಡೆ ಮುಟ್ಟಿರಲೇ ಇಲ್ಲ.

ಕುಬಸದ ದಿನ ಅಕ್ಕ ನನ್ನ ಬೆನ್ನ ಹಿಂದೆ ಗುಟ್ಟಾಗಿ ಕುರ್ಚಿ ಇಡಿಸಿದ್ದಳು. ನೋಡಿ ರೇಗಿಹೋಯಿತು. ಉಡಿ ತುಂಬಿ, ಏನನ್ನೂ ಹಿಡಿಯದೆ ಎದ್ದು ನಿಂತೆ. ಸಂತೋಷಕ್ಕೆ ಕಣ್ಣು ತುಂಬಿ ಆರತಿಯ ದೀಪ ಎರಡೆರಡಾಗಿ ಕಂಡವು. ಆರತಿ ಮುಗಿದರೂ ಹುಡುಗಿ ಮಣೆ ಬಿಟ್ಟೇಳಲಿಲ್ಲ. ಏಳಲು ಒಮ್ಮೆ ಯತ್ನಿಸಿ, ಹೊಟ್ಟೆಯ ಭಾರಕ್ಕೆ ಮತ್ತೆ ಕೂತಳು.

"ಚಿಗವ್ವ, ಕೈ ಕೊಡು," ಎಂದಳು.

ಎರಡೂ ಕೈ ಕೊಟ್ಟು ಅವಳನ್ನು ಎಬ್ಬಿಸಿದೆ.