ಬರಿಗಾಲಿನ ಜೀಪು

ನನ್ನ ಮೇಜಿನ ಮೇಲೆ ಊಟದ ತಟ್ಟೆಯಗಲದ ಒಂದು ತಗಡು ಬಿದ್ದಿದೆ. ಮೇಲೆ ಮರಳು ಬೆರೆಸಿದಂತೆ ಒರಟಾದ ಕಪ್ಪು ಲೇಪ, ಇನ್ನೂ ಟಯರ್ ಅಂಗಡಿಯ ವಾಸನೆ. "ರದ್ದಿಯವನಿಗೆ ಕೊಡಿ" ಎಂದು ಹೆಂಡತಿ ದಿನಾ ಹೇಳುತ್ತಾಳೆ. ಕಾಗದ ಹಾರದಿರಲೆಂದು ಇಟ್ಟಿದ್ದೇನೆ ಎಂದು ನಾನು ಸುಳ್ಳು ಹೇಳುತ್ತೇನೆ. ನಿಮ್ಮ ಹತ್ತಿರ ಸುಳ್ಳೇಕೆ? ಕೇಳಿ.

ನಮ್ಮಣ್ಣ ಹಿಂದೆ ಹರಾಜಿನಲ್ಲಿ ಕೊಂಡ ಹಳೇ ಜೀಪು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯ ಹಿಂದೆ ವರ್ಷಗಟ್ಟಲೆ ಪ್ಲಾಸ್ಟಿಕ್ ಹೊದ್ದು ಮಲಗಿತ್ತು. ನಿವೃತ್ತಿಯಾದ ಮೇಲೆ ಅದನ್ನು ಕಲ್ಯಾಣದ ಗ್ಯಾರೇಜಿಗೆ ಹಾಕಿದೆ. ತುಕ್ಕು ತಿಂದ ನೆಲಕ್ಕೆ ಹೊಸ ತಗಡು ಬಂತು. ಅದಕ್ಕೆ ಮತ್ತೆ ತುಕ್ಕು ಹಿಡಿಯದಂತೆ ಯಾವ ಕೋಟಿಂಗ್? ಜೀಪುಗಳು ನದಿ ದಾಟುವ, ಕೆಸರಲ್ಲಿ ಹೊರಳಾಡುವ ವಿಡಿಯೊಗಳನ್ನೆಲ್ಲ ನೋಡಿ ಪಂಡಿತನಾದೆ. ನಮ್ಮ ಗಾಡಿಯ ಸಾಹಸವೆಂದರೆ ಶಿಳ್ ಫಾಟಾ ರಸ್ತೆಯ ಗುಂಡಿಗಳನ್ನು ದಾಟುವುದಷ್ಟೆ.

"ಅಂಕಲ್, ಯೇ ರಫ್‌ವಾಲಾ ಲೇ ಲೋ. ಬೂಟ್ ಸ್ಲಿಪ್ ನಹೀ ಹೋಗಾ" ಎಂದ ಗ್ಯಾರೇಜಿನವನು. ಒರಟಿನದಾದರೆ ಬೂಟು ಜಾರುವುದಿಲ್ಲವಂತೆ.

ತೊಡಕು ಅಲ್ಲೇ ಇತ್ತು. ನಮ್ಮ ಜೀಪಿಗೆ ಬೂಟುಗಾಲು ಹತ್ತಿದ್ದೇ ಇಲ್ಲ. ಅಣ್ಣ ಫ್ಯಾಕ್ಟರಿ ಪಾಳಿಗೆ ಹೋದರೆ ಜೀಪು ಓಡಿಸುತ್ತಿದ್ದವರು ವೈನಿ, ಅಂದರೆ ಅಣ್ಣನ ಹೆಂಡತಿ, ವಿಜಯಪುರದ ಕಡೆಯವರು. ನವಿ ಮುಂಬಯಿಯ ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಡೆಯ ಜನಕ್ಕೆ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕಾ ಒಯ್ಯುತ್ತಿದ್ದರು. ರೊಟ್ಟಿಯ ಗಂಟುಗಳು ಜೀಪಿನ ನೆಲದ ಮೇಲೆ, ಅವುಗಳ ನಡುವೆ ಕೆಲಸವಿಲ್ಲದ ನಾನು. ದಾರಿಯಲ್ಲಿ ಯಾರು ಹತ್ತಿದರೂ ವೈನಿಯದು ಒಂದೇ ಮಾತು: "ರೊಟ್ಟಿ ಇಡು ಜಾಗಾದಾಗ ಚಪ್ಪಲಿ ಯಾವ ಶಾಣ್ಯಾ ಹಾಕತಾನ? ತಗೀರಿ." ಒಮ್ಮೆ ಸಾನಪಾಡಾದ ತನಕ ಬಂದ ಟ್ರಾಫಿಕ್ ಹವಾಲ್ದಾರನೂ ಬೂಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಈ ಊರಿನಲ್ಲಿ ನನಗೆ ನೌಕರಿ ಸಿಗುವವರೆಗೆ ಹಸಿವು ಗೊತ್ತಾಗದಂತೆ ನೋಡಿಕೊಂಡವರು ವೈನಿ. ಆ ಋಣ ತೀರುವಂಥದ್ದಲ್ಲ, ತೀರಲಿ ಎಂಬ ಆಸೆಯೂ ನನಗಿಲ್ಲ. ಅವರನ್ನು ಮತ್ತೊಮ್ಮೆ ಆ ಜೀಪಿನಲ್ಲಿ ಕೂರಿಸಬೇಕು, ಅಷ್ಟೇ.

ಆದರೆ ವೈನಿಗೆ ಈಗ ಸಕ್ಕರೆ ಕಾಯಿಲೆ. ಹೋದ ವರ್ಷ ಕಾಲಿಗೆ ಕಲ್ಲು ಚುಚ್ಚಿದ್ದು ಗೊತ್ತಾಗದೆ ಗಾಯ ಕೀವಾಗಿ, ಬೆರಳು ಉಳಿದದ್ದೇ ಪುಣ್ಯ. ಇನ್ನೊಂದು ಗಾಯವಾದರೆ ಪಾದವೇ ಹೋದೀತು, ಬರಿಗಾಲಲ್ಲಿ ಓಡಾಡಲೇಬೇಡಿ ಎಂದಿದ್ದಾರೆ ಡಾಕ್ಟರು. ಮನೆಯೊಳಗೂ ಚಪ್ಪಲಿ ಹಾಕುವ ವೈನಿ ಜೀಪಿನ ಮಾತು ಬಂದರೆ ಮಾತ್ರ, "ಅದರಾಗ ಚಪ್ಪಲಿ ಹಾಕೂದು ಆಗೂದಿಲ್ಲ ಬಿಡು" ಎನ್ನುತ್ತಾರೆ.

ಗ್ಯಾರೇಜಿನವನಿಂದ ಎರಡು ಮಾದರಿ ತಗಡು ತಂದು ವೈನಿಯ ಎದುರಿಗಿಟ್ಟೆ. ಒಂದು ಒರಟು, ಇನ್ನೊಂದು ರಬ್ಬರಿನಂತೆ ನುಣುಪು. ಒರಟಿನ ಮೇಲೆ ನಾನು ಬರಿಗಾಲಲ್ಲಿ ನಿಂತ ಕೂಡಲೇ ಚುಚ್ಚಿ ಕಾಲೆಳೆದುಕೊಂಡೆ. ನಾನು ಬೇಡವೆನ್ನುವ ಮೊದಲೇ ವೈನಿ ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ಟರು.

"ಛಲೋ ಅದ. ಮೆತ್ತಗದ. ಇದನ್ನ ಹಾಕಸು."

ನನ್ನ ಕಾಲಿಗೆ ಚುಚ್ಚಿದ್ದ ತಗಡದು! ಅವರನ್ನು ಇಳಿಸಿ, ಕೂರಿಸಿ, ಅಂಗಾಲು ನೋಡಿದೆ. ಗೀರಿರಲಿಲ್ಲ. ಹೊರಗೆ ಬಂದು ಗ್ಯಾರೇಜಿಗೆ ಫೋನು ಮಾಡಿ ನುಣುಪಿನದೇ ಹಾಕಲು ಹೇಳಿದೆ.

ಮೊನ್ನೆ ಭಾನುವಾರ ಜೀಪು ಬಂತು. ಬರಿಗಾಲಲ್ಲಿ ಒಳಗೆಲ್ಲ ತುಳಿದು, ಮಂಡಿಯೂರಿ ಒಂದೊಂದು ಬೋಲ್ಟಿನ ಸುತ್ತ ಅಂಗೈ ಆಡಿಸಿದೆ. ಏನು ಕಳಕೊಂಡಿರಿ ಎಂದು ವಾಚ್‌ಮನ್ ಕೇಳಿದ. ವೈನಿ ಚಪ್ಪಲಿ ಕಳಚಿ ನನ್ನ ತೋಳು ಹಿಡಿದು ಹತ್ತಿದರು. ಪಾದಗಳನ್ನೇ ನೋಡುತ್ತ ಕೂತರು.

"ತಮ್ಮಾ, ನನ್ನ ಕಾಲಿಗೆ ಏನೂ ತಿಳಿಯೂದಿಲ್ಲ ಅಂತ ಅವತ್ತ ನಿನಗ ಗೊತ್ತಾತು. ನಿನ್ನ ಮಾರಿ ನೋಡಿ ನನಗೂ ಗೊತ್ತಾತು. ಈಗ ನೀನ ಹೇಳು, ಕೆಳಗ ಹೆಂಗದ?"

ನಾನು ಪಕ್ಕದಲ್ಲಿ ಕೂತು ನನ್ನ ಕಾಲುಗಳನ್ನು ಅವರ ಕಾಲುಗಳ ಬದಿಗೆ ಇಟ್ಟೆ.

"ಮೆತ್ತಗದ ವೈನಿ. ಖರೇನ ಮೆತ್ತಗದ. ಸ್ವಲ್ಪ ತಂಪೂ ಅದ."

"ತಂಪದನ?" ವೈನಿಯ ಮುಖ ಅರಳಿತು. ಅಲ್ಲಿಯವರೆಗೆ ಅಂಜುತ್ತ ಇಟ್ಟಿದ್ದ ಪಾದಗಳನ್ನು ಪೂರ್ತಿ ಊರಿ, "ಹಂಗಾರ ಗಾಡಿ ಚಾಲೂ ಮಾಡು" ಎಂದರು.