ಬೂದೆಮ್ಮ ಮುಟ್ಟದ ಮೂಗು

ಮಾನ್ವಿಯ ಅಮರಮ್ಮನಿಗೆ ಮೂಗು ಚುಚ್ಚಿಸಿದ್ದು ಮದುವೆ ಗೊತ್ತಾದ ಮೇಲೆ, ಎಪ್ಪತ್ತೆಂಟರ ಹತ್ತಿ ಬಿಡಿಸುವ ಕಾಲದಲ್ಲಿ. ಮದುವೆಯ ದಿನ ಅತ್ತೆ ತನ್ನ ಕೈಯಾರೆ ಸೊಸೆಗೆ ಮೂಗುಬಟ್ಟು ಇಡುವುದು ದೇವದುರ್ಗದ ಗಂಡಿನ ಮನೆಯ ಪದ್ಧತಿ. ಬಂಗಾರದ ಕೆಲಸದ ಪತ್ತಾರ ಮೂಗು ಚುಚ್ಚಿ, ಸಣ್ಣ ಬಂಗಾರದ ತಂತಿ ಹಾಕಿ ಕಳಿಸಿದ್ದ.

ತಂತಿ ಮಾಂಸಕ್ಕೆ ಅಂಟಬಾರದು, ದಿನಾ ತಿರುವಬೇಕು ಎಂಬುದು ಓಣಿಯ ನಂಬಿಕೆ. ಬಂದ ಹೆಂಗಸರೆಲ್ಲ ಪ್ರೀತಿಯಿಂದಲೇ ತಿರುವಿದರು. ಒಬ್ಬಳು ಹತ್ತಿ ಬಿಡಿಸಿದ ಕೈಯಲ್ಲಿ, ಇನ್ನೊಬ್ಬಳು ಖಾರ ಕುಟ್ಟಿದ ಕೈಯಲ್ಲಿ. ತಂತಿಯ ಬುಡದಲ್ಲಿ ಕಡಲೆಕಾಳಿನಷ್ಟು ಕೆಂಪು ಗುಳ್ಳೆ ಎದ್ದಿತು. ಹಿಸುಕಿದರು, ಸುಣ್ಣ ಹಚ್ಚಿದರು. ಅದು ಇನ್ನಷ್ಟು ಉಬ್ಬಿತು.

"ತಂತಿ ತಗದ್ಬಿಡು, ತೂತು ಮುಚ್ಚಿದ್ರ ಮುಚ್ಚಲಿ," ಎಂದಳು ತಾಯಿ ಗೋಪಮ್ಮ.

"ಮುಚ್ಚಿದ್ರ ಅತ್ತಿ ಬಟ್ಟು ಎಲ್ಲಿಡ್ತಾಳ? ನಿನ್ನ ಮೂಗಿಗೇನು?" ಎಂದು ಅಮರಮ್ಮ ಅತ್ತಳು.

ಅಷ್ಟರಲ್ಲಿ ಅತ್ತೆಯಾಗುವ ಬೂದೆಮ್ಮ ಮದುವೆ ಸೀರೆ ತೋರಿಸಲು ದೇವದುರ್ಗದ ಬಸ್ಸಿಳಿದು ಬಂದೇಬಿಟ್ಟಳು. ಅಮರಮ್ಮ ಮುಖಕ್ಕೆ ಸೆರಗು ಹೊದ್ದು ಕೂತಳು.

"ಯಾಕಬೇ, ಮೂಗು ಇಲಿ ತಿಂದದೇನು? ಸೆರಗು ತಗಿ."

ಸೆರಗು ಸರಿಯಿತು. ಬೂದೆಮ್ಮನ ಕೈ ಮೂಗಿನತ್ತ ಬಂತು. ಈಕೆಯೂ ತಿರುವುತ್ತಾಳೆಂದು ಅಮರಮ್ಮ ಕಣ್ಣು ಮುಚ್ಚಿದಳು. ಕೈ ಮುಟ್ಟಲೇ ಇಲ್ಲ. ಕಣ್ಣು ಬಿಟ್ಟರೆ, ಬೂದೆಮ್ಮ ತನ್ನ ಕಿವಿ ಮಡಚಿ ಹಿಂದಿನ ಗಂಟು ತೋರಿಸುತ್ತಿದ್ದಳು.

"ಕಿವಿ ಚುಚ್ಚಿಸಿದಾಗ ನಂದೂ ಹಿಂಗ ತಿರುವಿ ತಿರುವಿ ಕೆಡಿಸಿದ್ರು. ಬ್ಯಾಡ ಅನ್ನಾಕ ನನಗ ಯಾರೂ ಇರಲಿಲ್ಲ. ಏಳು, ರಾಯಚೂರಿಗೆ ಹೋಗೂಣು."

ರಾಯಚೂರಿನ ದವಾಖಾನೆಯ ನರ್ಸಮ್ಮ ಗುಳ್ಳೆ ನೋಡಿ ಹೇಳಿದಳು: "ಹೆದರಬ್ಯಾಡ್ರಿ, ಇಳಿತದ. ತಂತಿ ತಗೀಬ್ಯಾಡ್ರಿ, ತಿರುವಬ್ಯಾಡ್ರಿ, ಹಿಸುಕಬ್ಯಾಡ್ರಿ. ಕುದಿಸಿದ ನೀರು ಉಗುರುಬೆಚ್ಚಗಾದ ಮ್ಯಾಲ ಚಿಟಿಕಿ ಉಪ್ಪು ಹಾಕಿ, ಸಾಬೂನು ಹಚ್ಚಿ ಕೈ ತೊಳಕೊಂಡು, ಸ್ವಚ್ಛ ಅರಿವಿ ಅದ್ದಿ ಮೆತ್ತಗ ಇಟ್ಕೋರಿ. ಕೀವು, ಜ್ವರ ಬಂದ್ರ ತಡ ಮಾಡ್ದ ಬರ್ರಿ. ಪೂರಾ ಇಳಿಯಾಕ ತಿಂಗಳುಗಟ್ಟಲೆ ಬೇಕು."

"ಮದುವಿ ಹತ್ರ ಬಂದದ," ಎಂದಳು ಅಮರಮ್ಮ ಸಣ್ಣ ದನಿಯಲ್ಲಿ.

"ಬಟ್ಟು ಪೆಟ್ಟಿಗ್ಯಾಗ ಇರ್ತದ ಬಿಡು. ಅದೇನು ಕೂಳು ಕೇಳ್ತದ?" ಎಂದಳು ಬೂದೆಮ್ಮ.

ಮದುವೆ ಆ ತಂತಿಯಲ್ಲೇ ಆಯಿತು. ನೆಂಟರು ಪಿಸುಗುಟ್ಟಿದರು. ಬೂದೆಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಳ್ಳೆ ಪೂರ್ತಿ ಇಳಿದ ಮೇಲೆ, ನಾಗರ ಪಂಚಮಿಗೆ, ಕೈ ತೊಳೆದುಕೊಂಡು ಬಂದು ಬಟ್ಟು ಇಟ್ಟಳು.

ಎಂಬತ್ತರ ದಶಕದಲ್ಲಿ ಮೊಮ್ಮಗಳ ಕಿವಿ ಚುಚ್ಚಿಸಿದಾಗ ಬೂದೆಮ್ಮ ಹೊಸ್ತಿಲಲ್ಲೇ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು: "ನೋಡ್ರಿ, ಹರಸ್ರಿ. ಕೈ ಮಾತ್ರ ಹಿಂದ ಕಟ್ಕೋರಿ!"

ಅತ್ತೆಯ ತಲೆಗೆ ಎಣ್ಣೆ ಹಚ್ಚುವಾಗ, ಕಿವಿಯ ಹಿಂದಿನ ಆ ಗಂಟಿನ ಹತ್ತಿರ ಬಂದರೆ ಅಮರಮ್ಮನ ಬೆರಳು ತಾನಾಗಿಯೇ ಮೆತ್ತಗಾಗುತ್ತಿತ್ತು.